ಲಗಮವ್ವನ ಕೌದಿಯ ಬಿಳಿ ಪಟ್ಟಿ

ಒಂದಾನೊಂದು ಕಾಲಕ್ಕೆ ಒಂದು ಊರಿತ್ತಂತೆ. ಹೋದ ಸಲ ಹೇಳಿದಾಗ ಅದು ಹೊಳೆಯ ಈ ದಂಡೆಗಿತ್ತು. ಈ ಸಲ ಆ ದಂಡೆಗಿರಲಿ, ಕತೆಗೇನೂ ಕಮ್ಮಿಯಾಗುವುದಿಲ್ಲ.

ಆ ಊರಿನ ಹೆಂಗಸರು ಕೌದಿ ಹೊಲಿಯುವುದರಲ್ಲಿ ಏಳು ಹರದಾರಿಗೂ ಹೆಸರಾಗಿದ್ದರಂತೆ. ಹಳೆ ಸೀರೆ, ಹರಿದ ಧೋತರ, ಬಣ್ಣ ಹೋದ ಕುಬಸ, ಏನೇ ಕೊಡಿ, ತುಂಡು ತುಂಡು ಜೋಡಿಸಿ, ಅಂಚಿನಿಂದ ಹಿಡಿದು ಸುತ್ತು ಸುತ್ತಾಗಿ ನಡುವಿನವರೆಗೆ ಹೊಲಿದು ಬರುವರು. ಹೊಲಿಗೆಯೋ, ಸಾಲಾಗಿ ಹೊರಟ ಇರುವೆ. ಒಂದಾದರೂ ಇರುವೆ ಸಾಲು ಬಿಡಬೇಕಲ್ಲ? ಊಹೂಂ! ಆ ಕೌದಿ ಹೊದ್ದ ಮುದುಕರು ಸಾಯುವುದನ್ನೇ ಮರೆತು ಮಲಗಿಬಿಡುತ್ತಿದ್ದರಂತೆ. ನೂರಾ ಮೂವತ್ತು ದಾಟಿದವರು ಮನೆಗೊಬ್ಬರು. ಬೇಕಾದರೆ ಎಣಿಸಿಕೊಂಡು ಬನ್ನಿ, ಹೊಳೆ ದಾಟಬೇಕಷ್ಟೆ.

ಆದರೆ ಒಂದು ಕಟ್ಟಳೆ ಇತ್ತು. ಚೊಚ್ಚಲ ಕೂಸಿನ ಕೌದಿಯ ನಟ್ಟನಡುವೆ ಒಂದು ಬಿಳಿ ಪಟ್ಟಿ ಬರಲೇಬೇಕು. ಅಂಗೈ ಅಗಲ, ಎರಡು ಮೊಳ ಉದ್ದ, ಮೇಲಿನ ಎರಡು ಮೂಲೆಗೆ ಒಂದೊಂದು ಕೆಂಪು ಲಾಡಿ. ಏಳು ತಲೆಮಾರಿನ ಹಿಂದೆ ಲಗಮವ್ವ ಎಂಬ ಮೂಲದ ಮುದುಕಿ ಹಾಕಿದ ಮಾದರಿ ಅದು. "ಬಿಳಿ ಪಟ್ಟಿ ಅಂದ್ರ ಹೊಳಿ ಗಂಗವ್ವ, ಲಾಡಿ ಅಂದ್ರ ಆಕಿ ಕೈಬಳಿ" ಎಂದು ಮೇಲೋಣಿಯವರು. "ಅಲ್ಲ, ಅದು ಕೈಲಾಸದ ಹಾದಿ" ಎಂದು ಕೆಳಗೋಣಿಯವರು. ಮಾದರಿ ತಪ್ಪಿಸಿದ ಸೊಸೆಯ ಕೂಸಿಗೆ ತೊಟ್ಟಿಲಿಲ್ಲ, ಹೆಸರಿಲ್ಲ. ಕೂಸನ್ನು ಕಂಕುಳಿಗೆ ಹಾಕಿಕೊಂಡು ಅವಳು ತವರಿನ ದಾರಿ ಹಿಡಿಯಬೇಕು.

ಆ ಊರಿಗೆ ಸಂಕವ್ವ ಎಂಬವಳು ಸೊಸೆಯಾಗಿ ಬಂದಳು, ಹೆಣ್ಣು ಕೂಸು ಹೆತ್ತಳು. ಅವಳಿಗೆ ತವರಿನಲ್ಲಿ ಬಾಗಿಲು ತೆಗೆಯುವವರೇ ಇರಲಿಲ್ಲ. ತಂದೆ ಮೊದಲೇ ಹೋಗಿದ್ದ, ತಾಯಿ ಹೋದ ವರ್ಷ ಹೋದಳು. ಉಳಿದದ್ದು ತಾಯಿಯ ಇಳಕಲ್ ಸೀರೆಯ ಕೆಂಪು ಸೆರಗೊಂದೇ.

"ಅತ್ತಿ, ಕೂಸಿಗೆ ನಮ್ಮವ್ವನ ತೊಡಿ ಅಂತೂ ಸಿಗಲಿಲ್ಲ. ಕೌದಿ ನಡುವ ಅವ್ವನ ಸೆರಗು ಹಾಕಲೇನ್ರಿ?" ಎಂದು ಕೇಳಿದಳು.

ಅತ್ತೆ ತುಂಗವ್ವ ಊರಿನ ಕೌದಿಗಳಿಗೆಲ್ಲ ಹಿರಿಯಳು. ಅವಳು ಒಪ್ಪದೆ ಯಾವ ಕೌದಿಯೂ ತೊಟ್ಟಿಲು ಹತ್ತುತ್ತಿರಲಿಲ್ಲ. "ಹಾಕವಾ, ಹಾಕು! ಸೆರಗ ಯಾಕ, ಇಡೀ ಸೀರೀನ ಹಾಕು. ಆಮ್ಯಾಲ ಅದನ್ನ ಹೊತ್ಕೊಂಡು ಯಾವೂರಿಗೆ ಹೊಕ್ಕಿ ಅನ್ನೂದನ್ನೂ ಈಗ ಹೇಳಿಬಿಡು" ಎಂದಳು.

ಸಂಕವ್ವ ತುಟಿ ಕಚ್ಚಿ ಬಿಳಿ ಪಟ್ಟಿಯನ್ನೇ ಕತ್ತರಿಸಿದಳು. ನಾಳೆ ತೊಟ್ಟಿಲು ಅನ್ನುವಾಗ, ಮಟಮಟ ಮಧ್ಯಾಹ್ನ, ಮಾಳಿಗೆಯ ಮೇಲೆ ಕೂತು ಅದನ್ನು ಹೊಲಿಯುತ್ತಿದ್ದಳು. ಎದುರಿಗೆ ಒಂದು ಮುದುಕಿ ಬಂದು ಕೂತಿತು. ನೋಡಿದರೆ ಪಾದ ಹಿಂದುಮುಂದು!

"ಹಾಕಬ್ಯಾಡ ಮಗಳ, ಅದನ್ನ ಹಾಕಬ್ಯಾಡ! ನಿನ್ನ ಕಾಲಿಗೆ ಬೀಳ್ತಿದ್ದೆ, ನನ್ನ ಕಾಲು ಸೊಟ್ಟ ಆಗ್ಯಾವು, ಬಗ್ಗಾಕ ಬರೂದಿಲ್ಲ."

"ಯಾರಬೇ ನೀ?"

"ನಾನ ಲಗಮವ್ವ. ಏಳು ತಲಿಮಾರು ಆತು, ನನ್ನ ಮ್ಯಾಲ ಹೋಗಗೊಡವಲ್ರಿ. ಇನ್ನೇನು ಮುಗಲು ಮುಟ್ಟಿದೆ ಅನ್ನೂದ್ರಾಗ ಯಾವಾಕಿಯೋ ಒಬ್ಬಾಕಿ ಆ ಪಟ್ಟಿ ಹೊಲೀತಾಳ. ನಾಚಿಕೀಲೆ ಹೊಳ್ಳಿ ಕೆಳಗ ಬೀಳ್ತೀನಿ."

"ಗಂಗವ್ವನ್ನ ಹೊಲಿದ್ರ ನಾಚಿಕಿ ಯಾಕಬೇ?"

"ಎಲ್ಲೀ ಗಂಗವ್ವ! ಅದು ನಮ್ಮನಿಯವರ ಲಂಗೋಟಿ!"

ಸಂಕವ್ವನ ಕೈಯಿಂದ ಸೂಜಿ ಬಿತ್ತು.

ಮುದುಕಿ ಹೇಳಿತಂತೆ: ಆ ವರ್ಷ ಕಲ್ಲೂ ನಡುಗುವ ಚಳಿ. ಕೂಸು ನೀಲಿಗಟ್ಟುತ್ತಿತ್ತು. ಮನೆಯಲ್ಲಿದ್ದ ಚಿಂದಿಯನ್ನೆಲ್ಲ ಹೊಲಿದರೂ ಕೌದಿಯ ನಡುವೆ ಅಂಗೈ ಅಗಲದ ಸಂದು ಉಳಿಯಿತು. ಗಂಡ ಬಾಗಿಲ ಮರೆಗೆ ಹೋದ, ಬಿಚ್ಚಿ ಕೊಟ್ಟ. "ಲಾಡಿ ಕೀಳಾಕ ಪುರಸೊತ್ತಿರಲಿಲ್ಲ, ಹಂಗ ಹೊಲಿದೆ. ಅವರು ಪಾಪ ಮೂರು ದಿನ ಜ್ವಾಳದ ಕಣಜದಾಗ ಕುಂತ್ರು. ಕೂಸು ಉಳೀತು. ಮುಂದಿನ ಹೆಂಗಸರು ಅಳತಿ ತಗೊಂಡ್ರು ನೋಡು, ಲಾಡಿ ಸೈತ ಬಿಡಲಿಲ್ಲ!" ಎಂದಿತು. ಎಂದದ್ದೇ ಬಿಸಿಲಲ್ಲಿ ಕರಗಿಹೋಯಿತು.

ಸಂಕವ್ವ ಪಟ್ಟಿಯ ಹೊಲಿಗೆ ಬಿಚ್ಚಿದಳು. ಅಲ್ಲಿ ತಾಯಿಯ ಸೆರಗು ಇಟ್ಟಳು, ಹೊಲಿದಳು.

ಮರುದಿನ ಮುಂಜಾನೆ ಊರಿಗೆ ಊರೇ ಅಂಗಳದಲ್ಲಿ ಕೂಡಿತು. ಕೌದಿ ಬಿಚ್ಚಿದರು. ನಡುವೆ ಬೆಂಕಿಯಂಥ ಕೆಂಪು ಸೆರಗು. ತುಂಗವ್ವ ಒಂದೇ ಮಾತು ಅಂದಳು: "ಗಂಟುಮೂಟಿ ಕಟ್ಟು."

"ಕಟ್ತೀನ್ರಿ ಅತ್ತಿ. ಆದ್ರ ಈ ಪಟ್ಟಿ ಏನು ಅನ್ನೂದನ್ನ ಹಿರೇರು ಯಾರರ ಹೇಳ್ರಿ" ಎಂದ ಸಂಕವ್ವ, ಬಿಚ್ಚಿದ ಬಿಳಿ ಪಟ್ಟಿಯನ್ನು ಸೀದಾ ಯಮನಪ್ಪಜ್ಜನ ಕೈಗೆ ಕೊಟ್ಟಳು. ಯಮನಪ್ಪಜ್ಜ ಊರಿನ ಹಳೆಯ ಪೈಲ್ವಾನ. ಈಗ ಕಣ್ಣು ಕಾಣುತ್ತಿರಲಿಲ್ಲ. ಕೈಗೆ ಮಾತ್ರ ಎಲ್ಲ ನೆನಪಿತ್ತು. ಪಟ್ಟಿಯನ್ನು ಸವರಿದ, ಲಾಡಿ ಹುಡುಕಿದ, ಎದ್ದು ನಿಂತು ಧೋತರದ ಮೇಲೆಯೇ ನಡುವಿಗೆ ಬಿಗಿದ, ಬಾಲವನ್ನು ಕಾಲಸಂದಿಯಿಂದ ಎಳೆದು ಹಿಂದೆ ಸಿಕ್ಕಿಸಿ ತೊಡೆ ತಟ್ಟಿದ.

"ಯಾರವಾ ನನ್ನ ಗರಡಿ ಲಂಗೋಟಿ ತಂದಾಕಿ? ಅಳತಿ ಬರೋಬರಿ ಐತಿ!"

ಮೇಲೋಣಿಯವರು ಕೆಳಗೋಣಿಯವರ ಮುಖ ನೋಡಿದರು. ಗಂಗವ್ವ ಹೋದಳು, ಕೈಲಾಸದ ಹಾದಿಯೂ ಹೋಯಿತು.

"ಅಯ್ಯ ನನ್ನ ಶಿವನ! ನಲವತ್ತು ವರ್ಷ ಅಮಾಸಿಗೊಮ್ಮೆ ನಮ್ಮನಿ ಕೌದಿ ಪಟ್ಟಿಗೆ ಕುಂಕುಮ ಹಚ್ಚೀನಲ್ಲೋ!" ಎಂದು ತುಂಗವ್ವ ಕುಸಿದು ಕೂತಳು. ಆಗ ಎದ್ದ ನಗೆಗೆ ಮಾಳಿಗೆಯ ಮಣ್ಣು ಉದುರಿತಂತೆ.

ನಗು ಇಳಿದ ಮೇಲೆ ಸಂಕವ್ವ ಲಗಮವ್ವನ ಚಳಿಯ ಸುದ್ದಿ ಹೇಳಿದಳು. ನೀಲಿಗಟ್ಟಿದ ಕೂಸು, ಬಾಗಿಲ ಮರೆಯ ಗಂಡ, ಅಂಗೈ ಅಗಲದ ಸಂದು. "ಎಂಥಾ ಹೆಂಗಸವಾ!" ಎಂದಳು ಒಬ್ಬಳು. "ಎಂಥಾ ಗಂಡಸು ಅನ್ನು" ಎಂದಳು ಇನ್ನೊಬ್ಬಳು, ತನ್ನ ಗಂಡನನ್ನು ಓರೆಗಣ್ಣಿನಿಂದ ನೋಡುತ್ತ.

ತುಂಗವ್ವ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಅಂಚಿನಿಂದ ಬೆರಳಿಟ್ಟು, ಇರುವೆ ಸಾಲಿನ ಬೆನ್ನು ಹತ್ತಿ, ಸುತ್ತು ಸುತ್ತಾಗಿ ನಡುವಿಗೆ ಬಂದಳು. ಬೆರಳು ಸೆರಗಿನ ಮೇಲೆ ನಿಂತಿತು.

"ಇಲ್ಲಿ ಹೊಲಿಗಿ ನಡುಗೇತಿ" ಎಂದಳು.

"ಅಳು ಬಂದಿತ್ರಿ ಅತ್ತಿ."

"ಸೂಜಿ ಕೊಡು."

ಸೆರಗಿನ ಮೇಲೆ ತಾನೇ ಏಳು ಹೊಲಿಗೆ ಹಾಕಿದಳು, ಹಲ್ಲಿನಿಂದ ದಾರ ಕಡಿದಳು, ಕೂಸನ್ನು ಅದರಲ್ಲಿ ಸುತ್ತಿ ತೊಟ್ಟಿಲಿಗೆ ಹಾಕಿದಳು. "ಹೆಸರು ಕೂಗ್ರೇ, ಯಾಕ ನಿಂತೀರಿ?" ಎಂದು ಹೆಂಗಸರನ್ನು ಗದರಿದಳು.

ಅಂದಿನಿಂದ ಆ ಊರಲ್ಲಿ ಅಂಚಿನಿಂದ ನಡುವಿಗೆ ಹೊಲಿಯುವುದು ಹಂಗೇ ಉಳಿಯಿತಂತೆ. ನಡು ಮಾತ್ರ ಒಬ್ಬೊಬ್ಬಳದು ಒಂದೊಂದು. ಒಬ್ಬಳು ಅಣ್ಣನ ರುಮಾಲು ಹಾಕಿದಳು, ಒಬ್ಬಳು ಗಿಳಿ ಕೂಡಿಸಿದಳು, ಒಬ್ಬಳು ಸುಮ್ಮನೆ ಹಳದಿ ತುಂಡಿಟ್ಟು "ನನಗ ಚಂದ ಕಂಡಿತು" ಅಂದಳು. ಲಗಮವ್ವ ಮತ್ತೆ ಯಾರ ಮಾಳಿಗೆಗೂ ಬರಲಿಲ್ಲ.

ಆ ಊರಿನ ಕೂಸು ಅಲ್ಲಿ ಬೆಚ್ಚಗೆ ಮಲಗಿತು, ನಾವು ಇಲ್ಲಿ ಬೆಚ್ಚಗೆ ಕೂತೆವು; ನಂಬದವರ ಕಾಲು ಮಾತ್ರ ಕೌದಿಯ ಹೊರಗೆ.