ನೀಲಕ್ಕ ಒದ್ದ ಮುಳ್ಳು

ಮಕ್ಕಳೇ, ದಟ್ಟ ಕಾಡಿನ ನಡುವೆ ಒಂದು ಕೆರೆ. ಕೆರೆಯ ದಂಡೆಯಲ್ಲಿ ಒಂದು ಅತ್ತಿಮರ. ಕತೆ ಕಟ್ಟುವ ಪ್ರಾಣಿಗಳೆಲ್ಲ ಆ ಮರದ ಬುಡದಲ್ಲಿ ಸೇರುತ್ತಿದ್ದವು.

ಅಲ್ಲೊಂದು ಕಟ್ಟಳೆಯಿತ್ತು. ಹೊಸ ಕತೆಯನ್ನು ಮೊದಲು ಉಳಿದ ಕತೆಗಾರರಿಗೆ ಹೇಳಬೇಕು. ತಪ್ಪು ಕಂಡವರು ಒಂದು ಮುಳ್ಳನ್ನು ಮುಂದಿಡಬೇಕು. ಆ ತಪ್ಪನ್ನು ತಿದ್ದಿದ ಮೇಲೆಯೇ ಮರಿಗಳಿಗೆ ಕತೆ ಹೇಳಬೇಕು. ಮರಿಗಳು ಕಾಡನ್ನು ಕಲಿಯುತ್ತಿದ್ದುದೇ ಕತೆ ಕೇಳಿ ತಾನೇ?

ಒಂದು ದಿನ ಜಿಂಕೆ ನೀಲಕ್ಕ ಚಿರತೆಯ ಕತೆ ಕಟ್ಟಿ ತಂದಳು. "ಚಿರತೆ ಗುಡುಗಿನ ಹಾಗೆ ಗರ್ಜಿಸಿತು! ಸದ್ದು ಕೇಳಿದ ಜಿಂಕೆಮರಿ ಛಂಗನೆ ನೆಗೆದು ಪಾರಾಯಿತು!" ಎಂದು ಮುಗಿಸಿದಳು.

"ಆಹಾ, ಏನು ಕತೆ ನೀಲಕ್ಕಾ!" ಎಂದಳು ಗಿಳಿ ಪಚ್ಚಮ್ಮ.

ಮುಳ್ಳುಹಂದಿ ಮುಳ್ಳಜ್ಜ ಮಾತ್ರ ತನ್ನ ಮೈಯಿಂದ ಒಂದು ಮುಳ್ಳು ಕಿತ್ತು ಅವಳ ಮುಂದಿಟ್ಟ.

"ಚೆನ್ನಾಗಿ ಹೇಳ್ತೀಯ ಮಗಳೇ. ಆದರೆ ಚಿರತೆ ಗರ್ಜಿಸಿ ಬರಲ್ಲ, ಸದ್ದಿಲ್ಲದೆ ಬರುತ್ತೆ. ಅದೊಂದನ್ನ ತಿದ್ದು."

"ಗರ್ಜನೆ ತೆಗೆದರೆ ಇನ್ನೇನು ಉಳೀತು ಅಜ್ಜ? ಕೇಳೋರ ಮೈ ಜುಂ ಅನ್ನೋದೇ ಅಲ್ಲಿ!"

"ಜುಂ ಅನ್ನಲಿ, ಬೇಡ ಅನ್ನಲ್ಲ. ಮರಿಗಳು ನಂಬಿಬಿಡ್ತಾವಲ್ಲ!"

"ನಿನಗೆ ಹೊಟ್ಟೆಕಿಚ್ಚು!" ನೀಲಕ್ಕ ಮುಳ್ಳನ್ನು ಗೊರಸಿನಿಂದ ಒದ್ದು ಹೊರಟೇಹೋದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಕತೆ ಹೆತ್ತವರ ಪಾಡೂ ಅದೇ.

ಅವತ್ತೇ ಅವಳು ಮರಿಗಳನ್ನು ಕೂಡಿಸಿ ಕತೆ ಹೇಳಿದಳು. ಅವಳ ಸ್ವಂತ ಮರಿ ಚೆಲುವ, "ಇನ್ನೊಂದು ಸಲ ಹೇಳಮ್ಮಾ" ಎಂದು ಮೂರು ಸಲ ಹೇಳಿಸಿಕೊಂಡ.

ಮರುದಿನ ಬೆಳಿಗ್ಗೆ ಚೆಲುವ ಕೆರೆಯಲ್ಲಿ ನೀರು ಕುಡಿಯುತ್ತಿದ್ದ. ಹಿಂದೆ ತರಗೆಲೆ ಸರಕ್ ಎಂದಿತು. ಕಿವಿ ನಿಮಿರಿಸಿ ಆಲಿಸಿದ. ಗರ್ಜನೆ ಇರಲಿಲ್ಲ. ಹಾಗಾದರೆ ಚಿರತೆಯಲ್ಲ ಎಂದುಕೊಂಡು ಮತ್ತೆ ನೀರಿಗೆ ಬಾಯಿ ಹಾಕಿದ.

ಚಿರತೆ ಎಗರಿತು. ಮರದ ಮೇಲಿದ್ದ ಕೋತಿ ಅದನ್ನು ಕಂಡು ಚೀರಿತು. ಚೆಲುವ ಹೌಹಾರಿ ನೆಗೆದ. ಜೀವವೇನೋ ಉಳಿಯಿತು, ಆದರೆ ಚಿರತೆಯ ಉಗುರು ಹಿಂಗಾಲನ್ನು ಸೀಳಿಹಾಕಿತ್ತು. ಅವನು ಇನ್ನೆಂದೂ ಓಡುವಂತಿರಲಿಲ್ಲ.

"ಅಮ್ಮಾ, ಅದು ಗರ್ಜಿಸಲೇ ಇಲ್ವಲ್ಲ," ಎಂದ ಚೆಲುವ. "ನಾನು ಕಾಯ್ತಾನೇ ಇದ್ದೆ."

ನೀಲಕ್ಕ ಗಾಯ ನೆಕ್ಕುತ್ತಾ ಬಿಕ್ಕಿ ಬಿಕ್ಕಿ ಅತ್ತಳು.

ಪಚ್ಚಮ್ಮ ಬಂದು ತಲೆ ತಗ್ಗಿಸಿದಳು. "ಗರ್ಜನೆ ತಪ್ಪು ಅಂತ ನನಗೂ ಅನ್ನಿಸಿತ್ತು ಅಕ್ಕ. ನಿನ್ನ ಖುಷಿ ಕೆಡಿಸೋದು ಯಾಕೆ ಅಂತ ಸುಮ್ಮನಾದೆ."

ನೀಲಕ್ಕ ಅತ್ತಿಮರದ ಬಳಿ ಹೋಗಿ ಹುಲ್ಲೆಲ್ಲ ತಡಕಾಡಿ, ತಾನೇ ಒದ್ದಿದ್ದ ಮುಳ್ಳನ್ನು ಬಾಯಲ್ಲಿ ಕಚ್ಚಿ ತಂದು ಮುಳ್ಳಜ್ಜನ ಮುಂದಿಟ್ಟಳು.

"ಮತ್ತೆ ಹೇಳ್ತೀನಿ ಅಜ್ಜ. ತಪ್ಪಿದ್ದರೆ ಇನ್ನೊಂದು ಮುಳ್ಳಿಡು."

ಈ ಸಲ ಕತೆಯ ಚಿರತೆ ಸದ್ದೇ ಮಾಡಲಿಲ್ಲ. ಮುಳ್ಳಜ್ಜ ಮುಳ್ಳಿಡಲಿಲ್ಲ. ಆಮೇಲೆ ಮರಿಗಳೆಲ್ಲ ಕತೆ ಕೇಳಲು ಓಡಿಬಂದವು. ಚೆಲುವ ಮಾತ್ರ ಕುಂಟುತ್ತಾ ಎಲ್ಲರಿಗಿಂತ ಕೊನೆಗೆ ಬಂದ.

ನೀತಿ: ಬಲ್ಲವರು ತೋರಿಸಿದ ತಪ್ಪನ್ನು ಕತೆ ಹೇಳುವ ಮೊದಲೇ ತಿದ್ದಿಕೊಳ್ಳಬೇಕು; ಆಮೇಲೆ ಎಷ್ಟು ಅತ್ತರೂ ಕೇಳಿದವರ ಗಾಯ ಮಾಯುವುದಿಲ್ಲ.