ಗಿಳಿ ಬಟ್ಟೆಯ ಪೆಟ್ಟಿಗೆ

ನಗುವವರು ಈಗಲೇ ನಕ್ಕುಬಿಡಿ. ಈ ಕತೆ ಹೇಳುತ್ತ ಹೇಳುತ್ತ ಕೊನೆಗೆ ಬಂದಾಗ ನನಗೇ ನಗು ಬರುವುದಿಲ್ಲ, ನಿಮಗೆ ಬಂದೀತು ಅಂತ ಹೇಗೆ ಹೇಳಲಿ?

ರಾಣೆಬೆನ್ನೂರಿನಲ್ಲಿ ರುಕ್ಮಾಬಾಯಿ ಅಂತ ಒಬ್ಬಳು ಕುಷನ್ ಅಂಗಡಿ ನಡೆಸುತ್ತಿದ್ದಳು. ಗಂಡ ತೀರಿದ ಮೇಲೆ ಅವನ ಕತ್ತರಿ, ಅವನ ಸುತ್ತಿಗೆ, ಅವನ ಹೊಲಿಗೆ ಮಿಷನ್ನು ಎಲ್ಲ ಇವಳ ಪಾಲಿಗೆ ಬಂದವು. ಜೊತೆಗೆ ಮಗ ನಾಮದೇವನೂ ಬಂದ. ಮೂವತ್ತು ದಾಟಿದ ಆಳು. ಮೈ ಗಟ್ಟಿ, ಕೈ ಗಟ್ಟಿ, ತಲೆ ಮಾತ್ರ ಸ್ವಲ್ಪ ಮೆತ್ತಗೆ. ತಾಯಿಯ ಮಾತು ಒಂದು ದಿನವೂ ಮೀರಿದವನಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಲೆ ಮೇಲಿನ ಹಾಲು ನೋಡುತ್ತಿರು ಅಂದರೆ, ಉಕ್ಕಿ ಒಲೆಯೇ ಆರಿಹೋಗುವ ತನಕ ನೋಡುತ್ತ ನಿಂತು, "ಪೂರಾ ನೋಡೇನಿ ಅವ್ವಾ" ಅಂದವನು.

ಈಚೆಗೆ ರುಕ್ಮಾಬಾಯಿಯ ಬಲಗೈ ನಡುಗಲು ಶುರುವಾಗಿತ್ತು. ತಾನು ಹೋದ ಮೇಲೆ ಇವನ ಗತಿ ಏನು ಅನ್ನುವುದೊಂದೇ ಅವಳ ಚಿಂತೆ. ಆ ಹೊತ್ತಿಗೆ ಕಮಲಾಕ್ಷಿ ಅಕ್ಕೋರು ಬಂದರು. ಶಾಲೆಯಲ್ಲಿ ಕಲಿಸುವುದು ಬಿಟ್ಟ ಮೇಲೆ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದವರು. ಮನೆಯಲ್ಲಿ ಹೊದೆಯುವ ಕೌದಿಗಳನ್ನೆಲ್ಲ ಇಡಲು ಬಡಿಗೇರನ ಕೈಲಿ ಐದಡಿ ಉದ್ದದ ಪೆಟ್ಟಿಗೆ ಮಾಡಿಸಿದ್ದರು. ಒಳಗೆ ಕೌದಿ ಇಡಬಹುದು, ಮುಚ್ಚಳ ಹಾಕಿದರೆ ಮೇಲೆ ಮೂರು ಮಂದಿ ಕೂಡಬಹುದು. ಕೌದಿ ಮುಗ್ಗಬಾರದು ಅಂತ ಹಿಂದುಗಡೆ ಗಾಳಿಗೆ ಅಂಗೈಯಗಲದ ಎರಡು ತೂತು ಬೇರೆ. ಅದಕ್ಕೆಲ್ಲ ಸ್ಪಂಜು ಹಾಕಿ ಬಟ್ಟೆ ಹೊದಿಸಿ ಕೊಡಬೇಕಿತ್ತು. ಬಟ್ಟೆ ಅವರೇ ತಂದಿದ್ದರು, ಹಾಲುಬಣ್ಣದ್ದು, ಮೈತುಂಬ ಹಸಿರು ಗಿಳಿಗಳು.

"ನಿಮ್ಮ ಮಗನ ಕೈಲೇ ಮಾಡಸ್ರಿ," ಅಂದರು ಅಕ್ಕೋರು. "ಚಲೋ ಆದ್ರ ಹಾಸ್ಟೆಲಿನ ಕುರ್ಚಿ, ಗಾದಿ ಕೆಲಸಕ್ಕ ಅವನ್ನ ಕಾಯಂ ಇಟ್ಕೊಂತೀನಿ."

ರುಕ್ಮಾಬಾಯಿ ಆ ರಾತ್ರಿ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಮೊದಲ ದಿನ ಮಗನ ಮುಂದೆ ಆ ಬಟ್ಟೆಯ ಎರಡು ಮೀಟರ್ ತುಂಡು ಹಾಸಿ, ಕತ್ತರಿಸುವಾಗ ಜೋಕೆ, ಒಂದು ಗಿಳಿಯೂ ತುಂಡಾಗಬಾರದು ಅಂತ ಹೇಳಿ ಸಂತೆಗೆ ಹೋದಳು. ಬಂದು ನೋಡಿದರೆ ಮೇಜಿನ ಮೇಲೆ ನಲವತ್ತು ಗಿಳಿಗಳು ಸಾಲಾಗಿ ಕೂತಿವೆ. ಒಂದೊಂದನ್ನೂ ಸುತ್ತ ಕತ್ತರಿಸಿ ಬಿಡಿಸಿದ್ದಾನೆ. ಒಂದರ ಕೊಕ್ಕು ಮುಕ್ಕಾಗಿಲ್ಲ, ಒಂದರ ಪುಕ್ಕ ಹೋಗಿಲ್ಲ. ಬಟ್ಟೆ ಮಾತ್ರ ಜರಡಿ ಆಗಿದೆ.

"ನೀ ಹೇಳಿದಂಗ ಮಾಡೇನಿ ಅವ್ವಾ," ಅಂದ ನಾಮದೇವ.

ತಾಯಿ ತಲೆ ಚಚ್ಚಿಕೊಂಡಳು. ಗಿಳಿ ಬಿಡಿಸುವುದಲ್ಲೋ, ಬಟ್ಟೆ ಬಟ್ಟೆಯಾಗಿಯೇ ಇರಬೇಕು, ಗಿಳಿಗಳ ತಲೆ ಮೇಲಕ್ಕೆ ಇದ್ದರೆ ಸಾಕು, ಅದೊಂದು ನೋಡಿಕೋ ಅಂದಳು.

ಅದೊಂದನ್ನೇ ನೋಡಿಕೊಂಡ. ಎರಡನೆಯ ದಿನ ಪೆಟ್ಟಿಗೆಯ ನಾಲ್ಕು ಬದಿಗೂ ಸ್ಪಂಜು ಅಂಟಿಸಿ, ಬಟ್ಟೆ ಎಳೆದು, ಒಂದು ಸುಕ್ಕಿಲ್ಲದ ಹಾಗೆ ಮೊಳೆ ಬಡಿದ. ಗಾಳಿಯ ತೂತಿನ ಸುತ್ತ ಬಟ್ಟೆ ಮಡಿಸಿ ಹೊಲಿದದ್ದನ್ನು ನೋಡಿ ರುಕ್ಮಾಬಾಯಿಗೆ ಗಂಡನೇ ನೆನಪಾದ. ಮಗ ದಾರಿಗೆ ಬಂದ ಅಂದುಕೊಂಡು ಮುಚ್ಚಳವನ್ನೂ ಅವನಿಗೇ ಬಿಟ್ಟು ಅಡಿಗೆಗೆ ಹೋದಳು. ಸಂಜೆ ಬಂದರೆ ಮುಚ್ಚಳಕ್ಕೂ ಬಟ್ಟೆ ಹೊದಿಸಿಯಾಗಿದೆ. ಆದರೆ ಅದನ್ನು ತೆರೆದು ನೆಟ್ಟಗೆ ನಿಲ್ಲಿಸಿ, ಬೀಳದಂತೆ ಹಿಡಿದುಕೊಂಡು ನಿಂತಿದ್ದಾನೆ. ಬೆವರು ಇಳಿಯುತ್ತಿದೆ. ಮುಚ್ಚೋ ಅಂದರೆ ಒಲ್ಲೆ ಅನ್ನುತ್ತಾನೆ.

"ಮುಚ್ಚಿದ್ರ ಗಿಳಿ ಮಲಗತಾವ ಅವ್ವಾ. ತಲಿ ಮ್ಯಾಲ ಇರೂದಿಲ್ಲ."

ಮಧ್ಯಾಹ್ನದಿಂದ ಹಾಗೇ ನಿಂತಿದ್ದನಂತೆ, ಊಟವನ್ನೂ ಬಿಟ್ಟು. ಅದನ್ನು ಕೇಳಿಯಾದರೂ ಅವಳ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಗಿಳಿ ಮಲಗಿದರೆ ನಿನ್ನ ಗಂಟೇನು ಹೋಯಿತು, ಮುಚ್ಚಳ ಅಂದ ಮೇಲೆ ಮುಚ್ಚಿರಬೇಕು, ಗಟ್ಟಿಯಾಗಿ ಕೂಡಬೇಕು, ಇರುವೆ ಹೋಗುವಷ್ಟೂ ಸಂದು ಇರಬಾರದು ಅಂತ ಬೈದು ಮಲಗಿದಳು.

ಮೂರನೆಯ ದಿನ ಅವಳು ಏಳುವ ಮುಂಚೆಯೇ ಸುತ್ತಿಗೆಯ ಸದ್ದು. ಓಡಿ ಬಂದರೆ ಮುಚ್ಚಳದ ಸುತ್ತ ಹಿತ್ತಾಳೆ ತಲೆಯ ಮೊಳೆಗಳು ಫಳಫಳ ಹೊಳೆಯುತ್ತಿವೆ. ಪೆಟ್ಟಿಗೆಯನ್ನು ಪೂರ್ತಿ ಜಡಿದುಬಿಟ್ಟಿದ್ದಾನೆ. ಮುಚ್ಚಳದ ಸಂದಿನಲ್ಲಿ ಇರುವೆಯೇನು, ಇರುವೆಯ ಮರಿಯೂ ಒಳಗೆ ಹೋಗುವಂತಿಲ್ಲ.

ಅವತ್ತು ಸಂಜೆಯೇ ಪೆಟ್ಟಿಗೆ ಅಕ್ಕೋರ ಮನೆ ಮುಟ್ಟಬೇಕಿತ್ತು. ರುಕ್ಮಾಬಾಯಿ ಇಕ್ಕಳ ಹಿಡಿದು ಕೂತಳು. ನಡುಗುವ ಕೈಯಲ್ಲಿ ಒಂದೊಂದೇ ಮೊಳೆ ಕಿತ್ತಳು. ಕಿತ್ತಲ್ಲೆಲ್ಲ ಬಟ್ಟೆ ಹರಿಯಿತು. ಇದನ್ನ ಯಾತರಿಂದ ಮುಚ್ಚಲೋ ಅಂತ ಅವಳು ಗೋಳಾಡಿದಾಗ ನಾಮದೇವ ಎದ್ದು ಹೋಗಿ, ಮೊದಲ ದಿನ ಬಿಡಿಸಿಟ್ಟ ಗಿಳಿಗಳನ್ನು ತಂದು ಅವಳ ಮಡಿಲಿಗೆ ಹಾಕಿದ. ಹರಿದಲ್ಲೆಲ್ಲ ಒಂದೊಂದು ಗಿಳಿ ಇಟ್ಟು ಹೊಲಿದಳು. ನಿಜ ಹೇಳಬೇಕೆಂದರೆ ಪೆಟ್ಟಿಗೆಗೆ ಅದರಿಂದಲೇ ಕಳೆ ಬಂತು. ಆ ಗಿಳಿ ತಂದುಕೊಟ್ಟವನು ಯಾರು ಅಂತ ಅವಳು ತಲೆ ಎತ್ತಿ ನೋಡಲಿಲ್ಲ. ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಂದದ್ದಷ್ಟೇ ಅವಳಿಗೆ ಗೊತ್ತಾಯಿತು.

"ಕೆಲಸಕ್ಕ ಬಾರದಾಂವ," ಅಂದಳು. "ನಿನ್ನಂಥಾ ಕೆಲಸಕ್ಕ ಬಾರದಾಂವ ಈ ಊರಾಗ ಇನ್ನೊಬ್ಬ ಇಲ್ಲ."

ಅವಳು ಸೆರಗು ಸರಿಮಾಡಿಕೊಂಡು ಟೆಂಪೊ ಕರೆಯಲು ಹೊರಟಳು. ಅಂಗಡಿ ತುಂಬ ಕಸ ಹರಡಿತ್ತು. ಮೂಲೆಯಲ್ಲಿ ರದ್ದಿ ಹಾಕುವ ತಗಡಿನ ಪೆಟ್ಟಿಗೆ ಇತ್ತು. ಅವಳ ಮನಸ್ಸಿನಲ್ಲಿದ್ದದ್ದು ಅದು. ಹೊಸ್ತಿಲಲ್ಲಿ ನಿಂತು, ತಿರುಗಿ ಕೂಡ ನೋಡದೆ ಹೇಳಿದಳು.

"ನಾ ಬರೂದ್ರಾಗ, ಇಲ್ಲಿ ಕೆಲಸಕ್ಕ ಬಾರದ್ದು ಏನೇನೈತಿ, ಎಲ್ಲಾ ಪೆಟ್ಟಿಗಿಯಾಗ ತುಂಬು."

ಟೆಂಪೊ ಬಂದಾಗ ಅಂಗಡಿ ಕನ್ನಡಿಯ ಹಾಗಿತ್ತು. ನಾಮದೇವ ಇರಲಿಲ್ಲ. ಬೈಸಿಕೊಂಡು ಎಲ್ಲೋ ಕೂತಿರಬೇಕು, ಹಸಿವಾದರೆ ಬರುತ್ತಾನೆ ಅಂದುಕೊಂಡಳು. ಇಬ್ಬರು ಹಮಾಲರು ಪೆಟ್ಟಿಗೆ ಎತ್ತಿ ಉಸ್ಸಪ್ಪಾ ಅಂದರು. ಬಡಿಗೇರ ಒಳ್ಳೇ ಸಾಗವಾನಿ ಹಾಕಿದ್ದಾನೆ ಅಂತ ಹೊಗಳಿದರು. ಪೆಟ್ಟಿಗೆಗೆ ತುಂಬಿದ ಸಾಮಾನು ಮಾತಾಡುವುದಿಲ್ಲವಲ್ಲ, ಒಳಗಿನಿಂದ ಸದ್ದೇ ಬರಲಿಲ್ಲ.

ಮನೆಗೆ ತಂದಿಳಿಸಿದ ಪೆಟ್ಟಿಗೆಯ ಸುತ್ತ ಅಕ್ಕೋರು ಒಂದು ಸುತ್ತು ಬಂದರು. ಬಟ್ಟೆ ಸವರಿದರು. ಅಂಚಿನ ಗಿಳಿಗಳನ್ನು ನೋಡಿ, ಇದು ಯಾರ ತಲೆಯ ಕೆಲಸ ಅಂತ ಕೇಳಿದರು. ಎಲ್ಲಾ ನನ್ನ ಮಗನದೇ ಅಂದಳು ರುಕ್ಮಾಬಾಯಿ. ಸುಳ್ಳು ಹೇಳುತ್ತಿದ್ದೇನೆ ಅಂತಲೇ ಅಂದುಕೊಂಡು ಹೇಳಿದಳು, ಪಾಪ. ಹಾಗಾದರೆ ನಾಳೆಯಿಂದಲೇ ಕಳಿಸಿರಿ ಅಂತ ಅಕ್ಕೋರು ಮುಚ್ಚಳ ಎತ್ತಿದರು.

ಒಳಗೆ ಸೊಟ್ಟ ಮೊಳೆಗಳು, ಸ್ಪಂಜಿನ ಚೂರು, ಹಿಡಿ ಮುರಿದ ಕತ್ತರಿ, ನಿಂತುಹೋದ ಗಡಿಯಾರ. ನಡುವೆ ಮೊಣಕಾಲನ್ನು ಗದ್ದಕ್ಕೆ ಹಚ್ಚಿಕೊಂಡು ನಾಮದೇವ.

"ನೀ ಹೇಳಿದಂಗ ಮಾಡೇನಿ ಅವ್ವಾ," ಅಂದ. "ಕೆಲಸಕ್ಕ ಬಾರದ್ದೆಲ್ಲಾ ತುಂಬೇನಿ. ಕಡೀಕ ನಾ ಒಬ್ಬಾಂವ ಉಳಿದಿದ್ದೆ."

ಅಕ್ಕೋರು ಮುಚ್ಚಳ ಹಿಡಿದುಕೊಂಡೇ ನಿಂತರು. ಹಾಸ್ಟೆಲಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ರುಕ್ಮಾಬಾಯಿ ಪೆಟ್ಟಿಗೆಯ ಪಕ್ಕ ಕೂತಳು. ಮೂವತ್ತು ವರ್ಷ ಅವನು ತನ್ನ ಒಂದೊಂದು ಮಾತನ್ನೂ ಹೀಗೇ ಎತ್ತಿಟ್ಟುಕೊಂಡಿದ್ದ ಅನ್ನುವುದು ಅವಳಿಗೆ ಹೊಳೆದದ್ದು ಆಗ. ಪೆಟ್ಟಿಗೆಯ ಅಂಚು ಹಿಡಿದು ಅತ್ತಳು.

"ನೀ ಅಲ್ಲೋ ನನ್ನಪ್ಪಾ. ಕೆಲಸಕ್ಕ ಬಾರದಾಕಿ ನಾನು."

ನಾಮದೇವ ತಾಯಿಯ ಮುಖ ನೋಡಿದ. ಆಮೇಲೆ ಸ್ಪಂಜಿನ ಚೂರುಗಳನ್ನು ಆಚೆ ಒತ್ತಿ, ಮೈ ಮುದುಡಿಕೊಂಡು ಒಂದು ಬದಿಗೆ ಸರಿದ.

"ಬಾ ಅವ್ವಾ," ಅಂದ. "ಜಾಗ ಐತಿ."