ಏಳನೆಯ ತಂತಿಯ ಕೆಳಗಿನ ಸವೆತ

ಶಿಷ್ಯನೊಬ್ಬ ಮುಖ ಸಣ್ಣದು ಮಾಡಿಕೊಂಡು ಕೇಳಿದ: “ಗುರುಗಳೇ, ಕಲಿತು ಹೊರಟ ಉಳಿದವರಿಗೆಲ್ಲ ಹೊಸ ಗ್ರಂಥ ಕೊಟ್ಟಿರಿ. ನನಗೆ ಮಾತ್ರ ನೀವು ಓದಿ ಮಾಸಿದ ಹಳೆಯದನ್ನು ಕೊಟ್ಟಿರಿ. ನಾನೇನು ತಪ್ಪು ಮಾಡಿದೆ?”

ಗುರುಗಳು ನಕ್ಕು, ಕೂರು ಎಂದು ಸನ್ನೆ ಮಾಡಿ, ಕತೆ ಹೇಳತೊಡಗಿದರು.

ಒಬ್ಬ ವೈಣಿಕನಿದ್ದ. ವಯಸ್ಸಾಗಿ ಅವನ ಮೊಣಕಾಲುಗಳು ಕೈಕೊಟ್ಟವು. ನೆಲದ ಮೇಲೆ ಕೂರಲಾಗದಿದ್ದರೆ ವೀಣೆ ನುಡಿಸುವುದು ಹೇಗೆ? ಒಂದು ವರ್ಷ ವೀಣೆ ಗವುಸಿನೊಳಗೇ ಇತ್ತು. ಅವನಿಗೆ ಊಟ ಸೇರುತ್ತಿರಲಿಲ್ಲ. ಕಂಡವರ ಮೇಲೆಲ್ಲ ಸಿಡುಕುತ್ತಿದ್ದ.

ಒಂದು ದಿನ ಹಳೆಯ ವಾದ್ಯಗಳ ಅಂಗಡಿಯಲ್ಲಿ ಅವನೊಂದು ಗಿಟಾರ್ ಕಂಡ. ಯಾರೋ ಕುಶಲಿ ಮರವನ್ನು ಕೈಯಿಂದಲೇ ಕೆತ್ತಿ, ಪಿಟೀಲಿನಂತೆ ಎದೆ ಉಬ್ಬಿಸಿ ಮಾಡಿದ್ದು. ಕುರ್ಚಿಯಲ್ಲಿ ಕೂತು ನುಡಿಸಬಹುದು. ತಂತಿ ಎಣಿಸಿದ, ಎಲ್ಲ ಗಿಟಾರಿನಂತೆ ಆರಲ್ಲ, ಏಳು! ವೀಣೆಗೂ ಏಳೇ. ವೈಣಿಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ನಾಲ್ಕು ನುಡಿಸುವುದಕ್ಕೆ, ಮೂರು ತಾಳಕ್ಕೆ, ಇದನ್ನು ನನಗೆ ಯಾರು ಹೇಳಿಕೊಡಬೇಕು ಎಂದುಕೊಂಡು ಮನೆಗೆ ತಂದ.

ಐದು, ಆರು, ಏಳನೆಯ ದಪ್ಪ ತಂತಿಗಳನ್ನು ತಾಳಕ್ಕೆಂದು ಶ್ರುತಿ ಮಾಡಿದ. ವೀಣೆಯಲ್ಲಿ ತಾಳದ ತಂತಿಯನ್ನು ಕಿರುಬೆರಳಿನಿಂದ ಮೀಟುತ್ತಾರೆಯೇ ಹೊರತು ದಂಡಿಯ ಮೇಲಿನ ಸ್ವರದ ಮೆಟ್ಟಿಲಿಗೆ ಒತ್ತುವುದಿಲ್ಲ. ಇಲ್ಲಿಯೂ ಅವನು ಒತ್ತಲಿಲ್ಲ. ರಾಗ ಮೇಲೇರುವಾಗ ಚೆನ್ನಾಗಿತ್ತು. ಮಂದ್ರಕ್ಕೆ ಇಳಿಯಹೋದರೆ ಸ್ವರವೇ ಸಿಗದು. ಎಂಟು ದಿನ ಹೆಣಗಿದ. ಕೊನೆಗೆ ತಪ್ಪೆಲ್ಲ ವಾದ್ಯದ್ದೇ ಎಂದು ತೀರ್ಮಾನಿಸಿದ. ಯಾರೋ ಬಳಸಿ ಬಿಟ್ಟದ್ದು, ಮೆಟ್ಟಿಲುಗಳೆಲ್ಲ ಸವೆದಿವೆ, ಹಿಂದಕ್ಕೆ ಕೊಟ್ಟುಬಿಡುತ್ತೇನೆ, ಸಂಗೀತದ ಋಣ ಇಲ್ಲಿಗೆ ತೀರಿತು ಎಂದ.

ಕೊಡುವ ಮುಂಚೆ ಒರೆಸಿಡೋಣವೆಂದು ಹೆಂಡತಿ ಬಟ್ಟೆ ತಂದಳು. ಒರೆಸುತ್ತಾ ಒರೆಸುತ್ತಾ ಅವಳ ಕೈ ನಿಂತಿತು.

“ಅಲ್ಲಾರೀ, ಈ ಏಳನೇ ತಂತೀನ ಒತ್ತೋದೇ ಇಲ್ಲ ಅಂತೀರಿ. ಮತ್ತೆ ಇದರ ಕೆಳಗೇ ಯಾಕೆ ಎಲ್ಲಕ್ಕಿಂತ ಜಾಸ್ತಿ ಸವೆದಿದೆ?”

“ಮೊದಲಿನವನಿಗೆ ನುಡಿಸೋಕೆ ಬರ್ತಿರಲಿಲ್ಲ, ಅದಕ್ಕೇ.”

“ಪಾಪ, ಬರದೇ ಇರೋದನ್ನ ಇಷ್ಟು ವರ್ಷ ನುಡಿಸಿದ್ನಾ?”

ವೈಣಿಕ ಬಗ್ಗಿ ಆ ಸವೆತವನ್ನು ನೋಡಿದ. ಗಿಟಾರನ್ನು ತೊಡೆಗೇರಿಸಿಕೊಂಡು, ಏಳನೆಯ ತಂತಿಯನ್ನು ಆ ಸವೆದ ಜಾಗದಲ್ಲೇ ಒತ್ತಿ ಮೀಟಿದ. ಮಂದ್ರ ಸ್ವರ ಎದ್ದು ಕೋಣೆ ತುಂಬಿತು. ಮುಂದಿನ ಸವೆತ, ಅದರ ಮುಂದಿನದು, ಹೀಗೆ ಹೆಸರೂ ಗೊತ್ತಿಲ್ಲದ ಯಾರೋ ಒಬ್ಬ ಅವನ ಬೆರಳು ಹಿಡಿದು ನಡೆಸಿದ. ಮುದುಕ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದ, ನಗುತ್ತಾ ನುಡಿಸುತ್ತಿದ್ದ. ಒಲೆಯ ಮೇಲಿನ ಹಾಲು ಉಕ್ಕಿಹೋದದ್ದು ಗಂಡಹೆಂಡಿರಿಬ್ಬರಿಗೂ ತಿಳಿಯಲಿಲ್ಲ.

ಕತೆ ಮುಗಿಸಿ ಗುರುಗಳು ಶಿಷ್ಯನ ಕೈಯಲ್ಲಿದ್ದ ಗ್ರಂಥದ ಕಡೆ ನೋಡಿದರು.

“ಅದರಲ್ಲಿ ಯಾವ ಪುಟ ಎಲ್ಲಕ್ಕಿಂತ ಹೆಚ್ಚು ಮಾಸಿದೆ, ನೋಡಿದೆಯೇನಪ್ಪಾ?”

ಶಿಷ್ಯ ಅದನ್ನು ಇನ್ನೂ ಬಿಚ್ಚಿಯೇ ಇರಲಿಲ್ಲ.